ಘಾಟಿ ಇಳಿಯುವಾಗ ಬ್ರೇಕ್ ಮೆತ್ತಗಾದ ಬಗ್ಗೆ

ಶುಂಠಿ ಹೇರಿಕೊಂಡು ಆಗುಂಬೆ ಘಾಟಿ ಇಳಿಯುವಾಗ ಪಿಕಪ್‌ನ ಬ್ರೇಕ್ ಪೆಡಲ್ ಮೆತ್ತಗಾಗಿ ಒಳಗೆ ಹೋಯ್ತು, ಸೋಮೇಶ್ವರದಲ್ಲಿ ಅರ್ಧ ಗಂಟೆ ನಿಲ್ಲಿಸಿದ ಮೇಲೆ ತಾನಾಗಿ ಸರಿಯಾಯ್ತು, ಗ್ಯಾರೇಜಿನಲ್ಲಿ ಏನೂ ತೊಂದರೆ ಇಲ್ಲ ಅಂದ್ರು ಅಂತ ಕೇಳಿದ್ದೀರಿ. ತೊಂದರೆ ಇದೆ ಮಾರಾಯ್ರೆ. ಬ್ರೇಕ್ ಆಯಿಲ್ ಕುದಿ ಬಂದಿದೆ. ಆವಿಯ ಗುಳ್ಳೆ ಒತ್ತಿದರೆ ಕುಗ್ಗುತ್ತೆ, ಆಯಿಲ್‌ನ ಹಾಗೆ ಅದು ಒತ್ತಡವನ್ನು ಚಕ್ರದವರೆಗೆ ದಾಟಿಸಲ್ಲ. ತಣ್ಣಗಾದರೆ ಆವಿ ಮತ್ತೆ ದ್ರವವಾಗುತ್ತೆ. ಅದಕ್ಕೇ ಗ್ಯಾರೇಜಿನಲ್ಲಿ ಪೆಡಲ್ ಗಟ್ಟಿ ಸಿಕ್ಕಿದ್ದು.

ಅಷ್ಟು ಬಿಸಿ ಎಲ್ಲಿಂದ ಬಂತು ಅಂತ ಲೆಕ್ಕ ಹಾಕಿ. ಗಾಡಿ, ಮೂಟೆ, ಜನ ಸೇರಿ 2,800 ಕೆಜಿ, ಇಳಿತ ಸುಮಾರು 500 ಮೀಟರ್ ಅಂತ ಇಟ್ಟುಕೊಳ್ಳಿ. 2,800 × 9.8 × 500, ಅಂದರೆ 1 ಕೋಟಿ 37 ಲಕ್ಷ ಜೂಲ್. ಮೇಲಿದ್ದಾಗ ಗಾಡಿಯಲ್ಲಿದ್ದ ಈ ಸ್ಥಿತಿಶಕ್ತಿ ಕೆಳಗೆ ಬರುವಷ್ಟರಲ್ಲಿ ಎಲ್ಲಾದರೂ ಖರ್ಚಾಗಲೇಬೇಕು. ಬಚ್ಚಲ ಹಂಡೆಯಲ್ಲಿ 40 ಲೀಟರ್ ತಣ್ಣೀರು ಕುದಿಸಲು ಇಷ್ಟು ಸಾಕು. ಟಯರ್ ಉರುಳುವುದರಲ್ಲಿ, ಗಾಳಿಯ ತಡೆಯಲ್ಲಿ ಹೆಚ್ಚೆಂದರೆ ಕಾಲು ಭಾಗ ಹೋದೀತು. ಉಳಿದದ್ದು ಎಂಜಿನ್ ತಿನ್ನಬೇಕು, ಇಲ್ಲ ಬ್ರೇಕ್ ತಿನ್ನಬೇಕು. ಹೋಲಿಕೆಗೆ ಹೇಳ್ತೀನಿ: ಇದೇ ಗಾಡಿ 40 ಕಿ.ಮೀ. ವೇಗದಲ್ಲಿದ್ದಾಗ ಅದರ ಚಲನಶಕ್ತಿ 1.73 ಲಕ್ಷ ಜೂಲ್ ಅಷ್ಟೆ. ಒಂದು ಘಾಟಿ ಇಳಿಯೋದು 40ರಿಂದ ಸೊನ್ನೆಗೆ ಸುಮಾರು 80 ಸಲ ನಿಲ್ಲಿಸಿದ್ದಕ್ಕೆ ಸಮ.

ನಿಧಾನ ಹೋದರೆ ಒಟ್ಟು ಶಾಖವೇನೂ ಅಷ್ಟಾಗಿ ಕಮ್ಮಿಯಾಗಲ್ಲ. ಆದರೆ 15 ನಿಮಿಷಕ್ಕೆ ಇಳಿದರೆ ಸರಾಸರಿ 20 ಎಚ್‌ಪಿ ಹೊರಹಾಕಬೇಕು, 5 ಎಚ್‌ಪಿಯ ನಾಲ್ಕು ಪಂಪ್‌ಸೆಟ್ಟಿನಷ್ಟು. ಅರ್ಧ ಗಂಟೆ ತಗೊಂಡರೆ ಅದರರ್ಧ. ಚಕ್ರದೊಳಗಿನ ಬ್ರೇಕ್ ಡ್ರಮ್ಮಿಗೆ ಆರಲು ಪುರುಸೊತ್ತು ಸಿಗುತ್ತೆ.

ಹಳೇ ಡ್ರೈವರುಗಳ ಮಾತು ಸರಿಯಾಗೇ ಇದೆ: ಹತ್ತಲು ಬೇಕಾದ ಗೇರಲ್ಲೇ ಇಳೀರಿ. ಆಗ ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತೆ. ಲೋಡಿದ್ದರೆ ಎರಡನೇದು, ಕಡಿದಾದ ಹೇರ್‌ಪಿನ್ ತಿರುವಲ್ಲಿ ಒಂದನೇದು. ಗೇರು ಇಳಿಸಬೇಕಾದ್ದು ಇಳಿಜಾರು ಶುರುವಾಗುವ ಮೊದಲು, ಗಾಡಿ ಓಡತೊಡಗಿದ ಮೇಲಲ್ಲ. ಬ್ರೇಕಿನಿಂದ ಕಾಲು ತೆಗೆದ ಕೂಡಲೇ ಗಾಡಿ ಓಡಿಹೋಗುತ್ತಿದ್ದರೆ ಇನ್ನೊಂದು ಗೇರು ಕೆಳಗೆ ಬೇಕು ಅಂತ ಅರ್ಥ. ಎಂಜಿನ್ ತಿಂದ ಶಾಖ ರೇಡಿಯೇಟರ್, ಸೈಲೆನ್ಸರ್ ಮೂಲಕ ಹೊರಗೆ ಹೋಗುತ್ತೆ, ಅವನ್ನು ಮಾಡಿರೋದೇ ಅದಕ್ಕೆ.

ಇಳಿಯುವಾಗ ನ್ಯೂಟ್ರಲ್ ಹಾಕಿದರೆ ಡೀಸೆಲ್ ಉಳಿಯುತ್ತೆ ಅಂತ ಕೆಲವರು ಹೇಳ್ತಾರೆ. ಉಳಿಯಲ್ಲ. ಈಗಿನ ಇಂಜೆಕ್ಷನ್ ಎಂಜಿನ್ನುಗಳು ಗೇರಲ್ಲಿದ್ದು ಎಕ್ಸಿಲೇಟರ್ ಬಿಟ್ಟರೆ ಡೀಸೆಲ್ ಬಿಡೋದನ್ನೇ ನಿಲ್ಲಿಸುತ್ತವೆ. ನ್ಯೂಟ್ರಲ್‌ನಲ್ಲಿ ಐಡಲ್‌ಗೆ ಬೇಕಾದಷ್ಟು ಕುಡೀತವೆ. ಎಂಜಿನ್ ಆಫ್ ಮಾಡಿ ಇಳಿಸೋದಂತೂ ಬೇಡವೇ ಬೇಡ. ಮೂರ್ನಾಲ್ಕು ಸಲ ತುಳಿದರೆ, ಕಾಲಿನ ಬಲ ಹೆಚ್ಚಿಸಿಕೊಡುವ ಬ್ರೇಕ್ ಬೂಸ್ಟರಿನ ವ್ಯಾಕ್ಯೂಮ್ ಖಾಲಿ, ಆಮೇಲೆ ಪೆಡಲ್ ಕಲ್ಲು.

ಮಳೆಯಲ್ಲಿ ಬೇರೆಯೇ ಲೆಕ್ಕ, ಅಲ್ಲಿ ಅಂಕೆಯಲ್ಲಿರಬೇಕಾದ್ದು ವೇಗ. 40ರ ಬದಲು 60ರಲ್ಲಿದ್ದರೆ ಚಲನಶಕ್ತಿ ಎರಡೂಕಾಲು ಪಟ್ಟು. ಒದ್ದೆ ರಸ್ತೆಯಲ್ಲಿ ಬ್ರೇಕ್ ಹಿಡಿದ ಮೇಲೆ ನಿಲ್ಲಲು 16 ಮೀಟರ್ ಬೇಕಾದಲ್ಲಿ 35 ಬೇಕು. ಪಾಚಿ, ಎಲೆ ಇದ್ದರೆ ಇನ್ನೂ ಜಾಸ್ತಿ.

ಈಗ ಮಾಡಬೇಕಾದ್ದು: ಬ್ರೇಕ್ ಆಯಿಲ್ ಪೂರ್ತಿ ಬದಲಿಸಿ, ಮೇಲಿಂದ ತುಂಬಿಸೋದು ಸಾಲದು. ಅದು ಗಾಳಿಯ ತೇವ ಹೀರುತ್ತೆ, ನಮ್ಮ ಮಳೆಗಾಲದಲ್ಲಿ ಕೇಳೋದೇ ಬೇಡ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು. ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತೆ. ಎರಡು ವರ್ಷಕ್ಕೊಮ್ಮೆ ಬದಲಿಸಿ, ನಾಲ್ಕೂ ಚಕ್ರದಲ್ಲಿ ತಿಳಿಯಾದ ಆಯಿಲ್ ಗುಳ್ಳೆಯಿಲ್ಲದೆ ಬರುವವರೆಗೆ ಬ್ಲೀಡ್ ಮಾಡಿಸಿ, ಅಂದರೆ ಹಳೇ ಆಯಿಲ್, ಗಾಳಿ ಹೊರಬಿಡಿಸಿ. ಡ್ರಮ್ಮಿಗೆ, ಡಿಸ್ಕಿಗೆ ಉಜ್ಜುವ ಲೈನರ್, ಪ್ಯಾಡ್ ಬಿಚ್ಚಿ ನೋಡಿಸಿ. ಹೊಳಪು ಬಂದು ಗಾಜಿನಂತಾಗಿದ್ದರೆ ಬದಲಿಸಬೇಕು.

ದಾರಿಯಲ್ಲಿ ಮತ್ತೆ ಮೆತ್ತಗಾದರೆ ಪೆಡಲ್ ಪಟಪಟ ತುಳಿದು ಒತ್ತಡ ತಂದುಕೊಳ್ಳಿ, ಗೇರು ಇಳಿಸಿ, ಅಂಚಿಗೆ ನಿಲ್ಲಿಸಿ. ರಿವರ್ಸ್ ಗೇರಿಗೆ ಹಾಕಿ ಚಕ್ರಕ್ಕೆ ಕಲ್ಲು ಕೊಡಿ. ಕಾದ ಡ್ರಮ್ಮಿಗೆ ನೀರು ಮಾತ್ರ ಹೊಯ್ಯಬೇಡಿ, ಬಿರುಕು ಬಿಡುತ್ತೆ.