ನಮ್ಮ ಚರ್ಚ್ ಸಭೆಯ 18 ಯುವಕರು ದಸರಾ ರಜೆಯಲ್ಲಿ ಹತ್ತು ದಿನ ನೇಪಾಳದಲ್ಲಿ 2023ರ ನವೆಂಬರ್ ಭೂಕಂಪ ಆದ ಜಾಜರಕೋಟ್ ಕಡೆ ಹೋಗಿ ಬಡ ಕುಟುಂಬಗಳಿಗೆ ಮನೆ ಕಟ್ಟಿಕೊಡಬೇಕು ಅಂತಿದ್ದೇವೆ. ಏನೇನು ತಯಾರಿ ಬೇಕು?

ಹತ್ತು ದಿನ, ದಸರಾ ರಜೆ, ನೇಪಾಳ. ಓದುತ್ತಿದ್ದ ಹಾಗೇ ಎದೆ ಧಸಕ್ ಅಂತು. 2017ರಲ್ಲಿ ನಾವು ಹೊರಟಿದ್ದೂ ಹೀಗೇ. ಹದಿನಾಲ್ಕು ಜನ ಇದ್ದೆವು. ಲೀಡರ್ ನಾನು.

ಯಶವಂತಪುರದಿಂದ ಗೋರಖ್‌ಪುರಕ್ಕೆ ಟ್ರೈನು. ಅಲ್ಲಿಂದ ಸುನೌಲಿ ಗಡಿ ದಾಟಿ ರಾತ್ರಿ ಬಸ್ಸಲ್ಲಿ ಕಠ್ಮಂಡು. ಆಮೇಲೆ ಜೀಪಿನಲ್ಲಿ ಸಿಂಧುಪಾಲ್ಚೋಕ್ ಜಿಲ್ಲೆಯ ಒಂದು ಹಳ್ಳಿ, ತಮಾಂಗ್ ಸಮುದಾಯದವರದು. 2015ರ ಏಪ್ರಿಲ್ 25ರ ಭೂಕಂಪದಲ್ಲಿ ಎಲ್ಲಕ್ಕಿಂತ ಜಾಸ್ತಿ ಜನ ಸತ್ತ ಜಿಲ್ಲೆ ಅದು, ಸುಮಾರು 3,500. ಅವತ್ತು ಶನಿವಾರ. ನೇಪಾಳದಲ್ಲಿ ವಾರದ ರಜೆ ಶನಿವಾರ, ಹಾಗಾಗಿ ಚರ್ಚಿನ ಆರಾಧನೆಯೂ ಶನಿವಾರವೇ. ಹನ್ನೆರಡಕ್ಕೆ ನಾಲ್ಕು ನಿಮಿಷ ಇರುವಾಗ ನೆಲ ಅಲುಗಿತು. ಶಾಲೆಗೆ ರಜೆ ಇದ್ದಿದ್ದಕ್ಕೆ ಎಷ್ಟೋ ಮಕ್ಕಳು ಉಳಿದವು. ಆರಾಧನೆಗೆ ಕೂತಿದ್ದ ಎಷ್ಟೋ ಜನರ ಮೇಲೆ ಗೋಡೆ ಬಿತ್ತು. ಅಲ್ಲಿನ ಪಾಸ್ಟರ್ ಇದನ್ನು ತಗಡಿನ ಚರ್ಚಿನಲ್ಲಿ ನಿಂತು ಹೇಳಿದಾಗ ನಮ್ಮ ಹುಡುಗರೆಲ್ಲ ಅತ್ತರು. ಆ ಅಳುವಿನಲ್ಲೇ ನಮಗೆ ಅವಸರ ಹತ್ತಿತು.

ನಮಗೆ ತೋರಿಸಿದ ಕುಟುಂಬ ಒಬ್ಬ ಅಜ್ಜಿಯದು. ಎಲ್ಲರೂ ಅವರನ್ನು ಆಮಾ ಅಂತಿದ್ದರು. ಮಗ ಮಲೇಷ್ಯಾದಲ್ಲಿ ದುಡಿಯುತ್ತಿದ್ದ. ಸೊಸೆ, ಇಬ್ಬರು ಮೊಮ್ಮಕ್ಕಳು, ಒಂದು ಮೇಕೆ, ಎಲ್ಲರೂ ಎರಡೂವರೆ ವರ್ಷದಿಂದ ಒಂದೇ ತಗಡಿನ ಶೆಡ್ಡಿನಲ್ಲಿ. ಮೊದಲ ರಾತ್ರಿ ಆಮಾ ನಮಗೆ ಧಿಂಡೋ ಬಡಿಸಿದರು. ಕೋದೋ ಹಿಟ್ಟಿನದು. ಕೋದೋ ಅಂದರೆ ನಮ್ಮ ರಾಗಿಯೇ. ನಾನು ಕೋಲಾರದ ಕಡೆಯವನು. ಬೆಟ್ಟದ ಮೆಟ್ಟಿಲು ಹೊಲದಲ್ಲೆಲ್ಲ ರಾಗಿ ತೆನೆ ಬಾಗಿ ನಿಂತಿತ್ತು, ತಟ್ಟೆಯಲ್ಲಿ ಮುದ್ದೆ. ನಮ್ಮಜ್ಜಿ ಮನೆಗೇ ಬಂದೆ ಅನ್ನಿಸಿತು. ಹಾಗನ್ನಿಸಿದ್ದಕ್ಕೇ ಇರಬೇಕು, ಇಲ್ಲಿನದೆಲ್ಲ ನನಗೆ ಗೊತ್ತು ಅಂದುಕೊಂಡುಬಿಟ್ಟೆ.

ಈಗ ತಪ್ಪಿನ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಮನೆ ಬಿದ್ದವರಿಗೆ ನೇಪಾಳ ಸರ್ಕಾರ 3 ಲಕ್ಷ ನೇಪಾಳಿ ರೂಪಾಯಿ ಕೊಡುತ್ತಿತ್ತು. ಒಟ್ಟಿಗೆ ಅಲ್ಲ, ಮೂರು ಕಂತಿನಲ್ಲಿ: 50 ಸಾವಿರ, ಆಮೇಲೆ ಒಂದೂವರೆ ಲಕ್ಷ, ಕೊನೆಗೆ 1 ಲಕ್ಷ. ಮೊದಲ ಕಂತಿನಲ್ಲಿ ಅಡಿಪಾಯ ಹಾಕಬೇಕು. ಸರ್ಕಾರದ ಇಂಜಿನಿಯರ್ ಬಂದು ಅದನ್ನು ನೋಡಿ ಸಹಿ ಹಾಕಿದರೆ ಮಾತ್ರ ಎರಡನೇ ಕಂತು. ಕಲ್ಲು-ಮಣ್ಣಿನ ಮನೆಯಾದರೆ ಅಡಿಪಾಯದ ಮೇಲೆ, ಕಿಟಕಿ ಕೆಳಗೆ, ಕಿಟಕಿ ಮೇಲೆ, ಚಾವಣಿ ಕೆಳಗೆ ಸುತ್ತ ಮರದ್ದೋ ಕಾಂಕ್ರೀಟಿನದೋ ಬೆಲ್ಟ್ ಇರಬೇಕು. ಗೋಡೆಯ ಎರಡೂ ಮುಖಕ್ಕೆ ತಲುಪುವ ಉದ್ದ ಕಲ್ಲು ಮಧ್ಯೆ ಮಧ್ಯೆ ಬರಬೇಕು. ಮತ್ತೆ ಭೂಮಿ ನಡುಗಿದರೆ ಗೋಡೆ ಬಿಚ್ಚಿಕೊಳ್ಳದೆ ಒಟ್ಟಿಗೆ ಅಲುಗಲಿ ಅಂತ ಈ ನಿಯಮ.

ಆಮಾ ಮೊದಲ ಕಂತು ತಗೊಂಡು ಅಡಿಪಾಯ ಹಾಕಿಸಿದ್ದರು. ಬೆಲ್ಟ್ ಇನ್ನೂ ಕೂರಿಸಿರಲಿಲ್ಲ, ಇಂಜಿನಿಯರ್ ನೋಡಿರಲಿಲ್ಲ. ಅಷ್ಟರಲ್ಲಿ ದಶೈನ್ ಬಂತು. ನಮ್ಮ ದಸರಾನೇ, ಆದರೆ ಅಲ್ಲಿ ಅದು ವರ್ಷದ ಅತಿ ದೊಡ್ಡ ಹಬ್ಬ. ಕಚೇರಿಗಳಿಗೆ ಬೀಗ, ಇಂಜಿನಿಯರ್ ಊರಿಗೆ ಹೋಗಿದ್ದರು. ಊರಿನ ಮಿಸ್ತ್ರಿ ನನಗೆ ಹಿಂದಿಯಲ್ಲಿ ಸ್ಪಷ್ಟವಾಗಿ ಹೇಳಿದ: "ಹಬ್ಬ ಮುಗೀಲಿ ದಾಜು, ಇಂಜಿನಿಯರ್ ಬರಲಿ, ಮರ ತರೋಣ, ಆಮೇಲೆ ಗೋಡೆ." ದಾಜು ಅಂದರೆ ಅಣ್ಣ. ನಾನು ಏನಂದೆ ಗೊತ್ತಾ? "ನಮಗೆ ಟ್ರೈನ್ ಇದೆ."

ಅಷ್ಟೇ. ಅದೊಂದೇ ಮಾತು. ನಾನು ಸಿವಿಲ್ ಡಿಪ್ಲೊಮಾ ಮಾಡಿದವನು, ಗೋಡೆ ಕಟ್ಟುವುದು ಗೊತ್ತಿಲ್ಲದವನಲ್ಲ. ಮಿಸ್ತ್ರಿ ಹೇಳಿದ್ದು ಅರ್ಥವಾಗಲಿಲ್ಲ ಅಂತಲೂ ಅಲ್ಲ. ಹದಿನಾಲ್ಕು ಜನ ದುಡ್ಡು ಹಾಕಿ ಬಂದಿದ್ದಾರೆ, ಊರಿಗೆ ಹೋಗಿ ಸಭೆಯಲ್ಲಿ ಸಾಕ್ಷಿ ಹೇಳಬೇಕು, ಬರಿಗೈಯಲ್ಲಿ ಹೇಗೆ ನಿಲ್ಲುವುದು ಅನ್ನೋದೇ ನನ್ನ ತಲೆಯಲ್ಲಿ ತುಂಬಿತ್ತು. ಆಮಾ ಬೇಡ ಅನ್ನಲಿಲ್ಲ. ಅಷ್ಟು ದೂರದಿಂದ ಬಂದವರಿಗೆ, ಪ್ರಾರ್ಥನೆ ಮಾಡಿ ಕೆಲಸ ಶುರು ಮಾಡಿದವರಿಗೆ, ಬೇಡ ಅಂತ ಯಾರು ಹೇಳುತ್ತಾರೆ? ನಾವು ಐದು ದಿನದಲ್ಲಿ ಕಿಟಕಿಯ ಮಟ್ಟಕ್ಕೆ ಗೋಡೆ ಎಬ್ಬಿಸಿದೆವು. ಬಾಗಿಲ ಪಕ್ಕದ ಒಂದು ಕಲ್ಲಿಗೆ ಬಿಳಿ ಪೇಂಟಿನಲ್ಲಿ ನಮ್ಮ ಸಭೆಯ ಹೆಸರು ಬರೆದು, ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಹೊರಟೆವು.

ಮೂರು ವಾರ ಆದಮೇಲೆ ಪಾಸ್ಟರ್ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದರು. ಇಂಜಿನಿಯರ್ ಬಂದಿದ್ದರಂತೆ. ಅಡಿಪಾಯ ಕಾಣುವುದೇ ಇಲ್ಲ, ಬೆಲ್ಟೇ ಇಲ್ಲ, ಏನು ನೋಡಿ ಸಹಿ ಹಾಕಲಿ ಅಂದರಂತೆ. ಅವರು ಹೇಳಿದ್ದು ಸರಿ. ನಾವು ಕಟ್ಟಿದ್ದು ಮತ್ತೊಂದು ಭೂಕಂಪಕ್ಕೆ ಬೀಳುವ ಗೋಡೆ. ಫೋಟೋದಲ್ಲಿ ಸೊಸೆ ಒಬ್ಬಳೇ ಗೋಡೆ ಬಿಚ್ಚುತ್ತಿದ್ದಳು. ಬೆನ್ನಿಗೆ ಡೋಕೊ ಬುಟ್ಟಿ, ಅದರ ಪಟ್ಟಿ ಹಣೆಗೆ. ಕಲ್ಲಿನ ರಾಶಿಯಲ್ಲಿ ನಮ್ಮ ಸಭೆಯ ಹೆಸರು ತಲೆಕೆಳಗಾಗಿ ಬಿದ್ದಿತ್ತು. ಎರಡನೇ ಕಂತು ಕೈಗೆ ಬಂದದ್ದು ಮುಂದಿನ ಮಾರ್ಚಿನಲ್ಲಿ. ಆ ಚಳಿಗಾಲವೂ ಅವರು ತಗಡಿನ ಕೆಳಗೇ ಕಳೆದರು. ಆಮಾಗೆ ಎದೆಯಲ್ಲಿ ಕಫ ಕಟ್ಟಿ ಎರಡು ವಾರ ಮಲಗಿದ್ದರು ಅಂತ ಆಮೇಲೆ ಗೊತ್ತಾಯಿತು. ಅದನ್ನು ನನಗೆ ಯಾರೂ ಹೇಳಿರಲಿಲ್ಲ, ನನಗೆ ಬೇಜಾರಾಗುತ್ತದೆ ಅಂತ.

ಇನ್ನು ದುಡ್ಡಿನ ಲೆಕ್ಕ. ನಾವು ತಲಾ 18 ಸಾವಿರ ಹಾಕಿದ್ದೆವು. ಹದಿನಾಲ್ಕು ಜನಕ್ಕೆ 2,52,000. ನಮ್ಮ 100 ರೂಪಾಯಿಗೆ ಅಲ್ಲಿ 160. ಅಂದರೆ 4 ಲಕ್ಷ ನೇಪಾಳಿ ರೂಪಾಯಿ ಮೇಲೆ. ಒಂದು ಮನೆಗೆ ಸರ್ಕಾರ ಕೊಡುತ್ತಿದ್ದ ಪೂರ್ತಿ ಹಣಕ್ಕಿಂತ ಜಾಸ್ತಿಯನ್ನು ನಾವು ಟ್ರೈನು, ಬಸ್ಸು, ಊಟ, ಟೀ-ಶರ್ಟಿಗೆ ಹಾಕಿದ್ದೆವು.

ಅದಕ್ಕೇ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಹದಿನೆಂಟು ಜನ ಏನು ತಯಾರಿ ಮಾಡಿಕೊಳ್ಳಬೇಕು ಅನ್ನೋದು ಆಮೇಲಿನ ಮಾತು. ಹದಿನೆಂಟು ಜನ ಯಾಕೆ ಹೋಗಬೇಕು? ಅಲ್ಲಿ ಕಲ್ಲು ಕಟ್ಟುವವರಿಗೆ ಬರವಿಲ್ಲ. ಆ ಬೆಟ್ಟದ ಮಿಸ್ತ್ರಿಗಳು ನಮಗಿಂತ ಚೆನ್ನಾಗಿ ಕಟ್ಟುತ್ತಾರೆ, ಅವರಿಗೆ ಕೂಲಿ ಬೇಕು. ಇಬ್ಬರು ಹೋಗಿ. ಉಳಿದ ಹದಿನಾರು ಜನರ ದುಡ್ಡು ಮಿಸ್ತ್ರಿ ಕೂಲಿಗೆ, ಮರಕ್ಕೆ, ತಗಡಿಗೆ ಹೋಗಲಿ. ನೀವು ಹೋಗಬೇಕು ಅಂತಿರುವುದು ಜಾಜರಕೋಟ್ ಕಡೆ, 2023ರ ನವೆಂಬರ್ ಭೂಕಂಪದ ಜಾಗಕ್ಕೆ ಅಂತ ಬರೆದಿದ್ದೀರಿ. ಅಲ್ಲೂ ಸರ್ಕಾರ ತಾತ್ಕಾಲಿಕ ಮನೆಗೆ ಕಂತಿನಲ್ಲೇ ಹಣ ಕೊಟ್ಟಿದೆ. ಹಾಗಾಗಿ ಅಲ್ಲಿನವರಿಗೆ ಫೋನ್ ಮಾಡಿದಾಗ "ಏನು ಬೇಕು?" ಅಂತ ಸುಮ್ನೆ ಕೇಳಬೇಡಿ. "ಸರ್ಕಾರದಿಂದ ಎಷ್ಟು ಬಂದಿದೆ, ಎಷ್ಟು ಬಾಕಿ, ಯಾರ ಸಹಿ ಆಗಬೇಕು?" ಅಂತ ಕೇಳಿ. ಮನೆಯವರನ್ನೂ ಕೇಳಿ, ಮಿಸ್ತ್ರಿಯನ್ನೂ ಬೇರೆಯಾಗಿ ಕೇಳಿ. ದಶೈನ್‌ನಿಂದ ತಿಹಾರ್ ಅಂದರೆ ದೀಪಾವಳಿ ಮುಗಿಯುವ ತನಕ ಹೋಗಲೇಬೇಡಿ.

ಇನ್ನೊಂದು. ನಿಮ್ಮ ಬ್ಯಾಗಿನಲ್ಲಿ ಕರಪತ್ರ ಬೇಡ. 2018ರ ಆಗಸ್ಟಿನಿಂದ ಅಲ್ಲಿ ಜಾರಿಯಲ್ಲಿರುವ ಅಪರಾಧ ಸಂಹಿತೆಯಲ್ಲಿ ಮತಾಂತರ ಮಾಡಿಸಿದರೆ ಐದು ವರ್ಷದವರೆಗೆ ಜೈಲು, ಹೊರದೇಶದವರಾದರೆ ಶಿಕ್ಷೆ ಮುಗಿದ ಮೇಲೆ ದೇಶದಿಂದ ಹೊರಗೆ. ನೀವು ವಾಪಸ್ ಬಂದುಬಿಡುತ್ತೀರಿ, ಪೊಲೀಸರು ಬರುವುದು ಅಲ್ಲಿನ ಪಾಸ್ಟರ್ ಮನೆಗೆ. ನಂಬಿಕೆಯಿಂದಲೇ ಹೋಗುತ್ತೀರಿ, ಸರಿ. ನಾನೂ ಹಾಗೇ ಹೋದವನು, ಈಗಲೂ ಪ್ರಾರ್ಥನೆ ಮಾಡಿಯೇ ಹೊರಡುತ್ತೇನೆ. ಆದರೆ ನಮ್ಮ ನಂಬಿಕೆಯ ಖರ್ಚನ್ನು ಅವರು ಕಟ್ಟಬಾರದು ಅಲ್ವಾ?

2019ರಲ್ಲಿ ನಾನು ಒಬ್ಬನೇ ಹೋದೆ. ಮನೆ ಎದ್ದಿತ್ತು, ಎರಡು ರೂಮು. ಕಿಟಕಿಯ ಕೆಳಗೆ, ಮೇಲೆ ಮರದ ಬೆಲ್ಟ್ ಕಾಣುತ್ತಿತ್ತು, ಕೈಯಿಟ್ಟು ನೋಡಿದೆ. ಆಮಾ "ಜಯ ಮಸೀಹ" ಅಂದು ಒಳಗೆ ಕರೆದು ಧಿಂಡೋ ಬಡಿಸಿದರು. ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಅವರು ಅದಕ್ಕೆ ಮೊದಲೇ ಕೇಳಿದರು: "ಈ ಸಲ ಟ್ರೈನ್ ಯಾವಾಗ, ಬಾಬು?"

ಟಿಕೆಟ್ ಮಾಡಿಸಿಲ್ಲ ಆಮಾ, ಅಂದೆ. ತಟ್ಟೆಗೆ ಇನ್ನೊಂದು ಸೌಟು ಹಾಕಿದರು.