ಗ್ರೂವ್ ಅಗಲ ಮಾಡುವಾಗ ಟ್ರಿಮ್ಮರ್ ಮುಂದಕ್ಕೆ ಹಾರುವುದೇಕೆ?

ಪ್ರಶ್ನೆ: ಪುಸ್ತಕದ ಕಪಾಟಿಗೆ 18 ಮಿ.ಮೀ. ಪ್ಲೈವುಡ್‌ನಲ್ಲಿ ಗ್ರೂವ್ (ಅಡ್ಡ ಹಲಗೆ ಕೂರುವ ಕಾಲುವೆ) ಹೊಡೆಯುತ್ತಿದ್ದೇನೆ. ನನ್ನ ಹತ್ತಿರ ಇರುವುದು ಟ್ರಿಮ್ಮರ್ (ಕೈಯಲ್ಲಿ ಹಿಡಿದು ಮರ ಕೊರೆಯುವ ಮಷಿನ್), ಅದಕ್ಕೆ ಹಾಕುವ 12 ಮಿ.ಮೀ. ಸ್ಟ್ರೇಟ್ ಬಿಟ್ (ನೇರ ಅಲಗಿನ ಕೊರೆಯುವ ಮೊನೆ). ಎಡಗಡೆ ಆಸರೆಗೆ ನೇರ ಪಟ್ಟಿ ಕಟ್ಟಿ ಹೊಡೆದ ಮೊದಲ ಸಾಲು ಚೆನ್ನಾಗಿ ಬಂತು. ಅಗಲ ಮಾಡಲು ಪಟ್ಟಿಯನ್ನು ಬಲಕ್ಕೆ ಸರಿಸಿ ತಳ್ಳಿದರೆ ಮಷಿನ್ ಮುಂದಕ್ಕೆ ಹಾರಿ ಅಂಚು ಕಿತ್ತುಬಂತು. ಏನು ತಪ್ಪಾಯಿತು?
– ಓದುಗರು, ಶಿವಮೊಗ್ಗ

ಉತ್ತರ: ಎರಡನೇ ಸಾಲು ಗ್ರೂವ್‌ನ ಬಲಗೋಡೆಗೆ ಬಿದ್ದಿದೆ, ಅದೇ ತಪ್ಪು. ಮೇಲಿನಿಂದ ನೋಡಿದರೆ ಬಿಟ್ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ. ನೀವು ಮುಂದಕ್ಕೆ ತಳ್ಳುವಾಗ ಅದರ ಬಲಬದಿಯ ಹಲ್ಲು ನಿಮ್ಮ ಕಡೆಗೆ ಬರುತ್ತಿರುತ್ತದೆ. ಆ ಬದಿಯಲ್ಲಿ ಮಾತ್ರ ಮರ ಸಿಕ್ಕರೆ ಬಿಟ್ ಗಾಲಿಯ ಹಾಗೆ ಮರದ ಮೇಲೆ ಉರುಳಿ ಮಷಿನನ್ನು ಎಳೆದುಕೊಂಡು ಓಡುತ್ತದೆ. ಎಡಗೋಡೆ ಕತ್ತರಿಸುವಾಗ ಹಾಗಾಗುವುದಿಲ್ಲ. ಬಿಟ್ ನಿಮ್ಮ ಕೈಗೆ ಎದುರು ಒತ್ತುತ್ತದೆ, ಮಷಿನ್ ಎಡಗಡೆಯ ಪಟ್ಟಿಗೆ ಅಂಟಿಕೊಂಡೇ ಸಾಗುತ್ತದೆ.

ಆದ್ದರಿಂದ ಬಲಭಾಗವನ್ನು ಮೊದಲು ಹೊಡೆಯಿರಿ. ಗ್ರೂವ್‌ನಲ್ಲಿ ಕೂರುವ ಹಲಗೆಯ ದಪ್ಪವನ್ನು ವರ್ನಿಯರ್‌ನಲ್ಲಿ ಅಳೆಯಿರಿ. 18 ಎಂದು ಕೊಂಡ ಪ್ಲೈ 17 ಇರುವುದೂ ಉಂಟು. ಅದರಲ್ಲಿ ಬಿಟ್‌ನ 12 ಕಳೆದರೆ 5 ಉಳಿಯುತ್ತದೆ. 4 ಮಿ.ಮೀ. ಪ್ಲೈ ಚೂರಿಗೆ 1 ಮಿ.ಮೀ. ಮೈಕಾ ಅಂಟಿಸಿದರೆ 5 ಮಿ.ಮೀ. ರೀಪು ಸಿದ್ಧ (ಇದನ್ನೂ ಅಳೆದು ನೋಡಿ). ಪಟ್ಟಿಯನ್ನು ಎರಡೂ ತುದಿಗೆ ಸಿ-ಕ್ಲಾಂಪ್ ಹಾಕಿ ಬಿಗಿಯಿರಿ, ಕೆಲಸ ಮುಗಿಯುವವರೆಗೆ ಅಲ್ಲಾಡಿಸಬೇಡಿ. ರೀಪನ್ನು ಪಟ್ಟಿಗೂ ಮಷಿನ್ ಬೇಸಿಗೂ ನಡುವೆ ಇಟ್ಟು ಮೊದಲ ಸಾಲು, ತೆಗೆದು ಎರಡನೆಯದು. ಎರಡೂ ಸಲ ಮುಂದಕ್ಕೇ ತಳ್ಳಬೇಕು. ಬೇಸಿನ ಒಂದು ಮೂಲೆಗೆ ಗುರುತು ಹಾಕಿ ಅದೇ ಬದಿ ಪಟ್ಟಿಗೆ ತಾಗುವಂತೆ ನೋಡಿಕೊಳ್ಳಿ. ಬಿಟ್ ಬೇಸಿನ ನಟ್ಟನಡುವೆ ಇಲ್ಲದಿದ್ದರೆ ಅಳತೆ ಕೆಡುತ್ತದೆ.

6 ಮಿ.ಮೀ. ಆಳ ಸಾಕು. ಅದನ್ನು 2 ಮಿ.ಮೀ.ನಂತೆ ಮೂರು ಸಲ ಇಳಿಸಿ, ಪ್ರತಿ ಆಳಕ್ಕೂ ಎರಡೂ ಸಾಲು ಹೊಡೆಯಿರಿ. ಒಂದೇ ಏಟಿಗೆ ಇಳಿಸಿದರೆ ಮೋಟರ್ ಏದುಸಿರು ಬಿಡುತ್ತದೆ, ಗೋಡೆ ಕಪ್ಪಾಗುತ್ತದೆ. ಬಿಟ್ ಮರಕ್ಕೆ ತಾಗದಂತೆ ಅಂಚಿನ ಹೊರಗೆ ಹಿಡಿದು ಸ್ವಿಚ್ ಒತ್ತಿ, ಪೂರ್ತಿ ವೇಗ ಬಂದ ಮೇಲೆ ಒಳಗೆ ನುಗ್ಗಿಸಿ. ಹೊರಬರುವ ತುದಿಗೆ ರದ್ದಿ ಮರದ ತುಂಡೊಂದನ್ನು ಒತ್ತಿ ಕಟ್ಟಿದರೆ ಪದರ ಏಳುವುದಿಲ್ಲ. ನಿಲ್ಲಿಸಿದ ಮೇಲೂ ಬಿಟ್ ಸ್ವಲ್ಪ ಹೊತ್ತು ತಿರುಗುತ್ತಲೇ ಇರುತ್ತದೆ, ಅದು ನಿಂತ ಮೇಲಷ್ಟೇ ಎತ್ತಿ. ಕನ್ನಡಕ, ಮಾಸ್ಕ್ ಬೇಕೇ ಬೇಕು. ಸಡಿಲ ಕೈಗವಸು, ಜೋತಾಡುವ ತೋಳು ಬೇಡವೇ ಬೇಡ.

ಪ್ರಶ್ನೆ: ಗ್ರೂವ್ ಒಂದು ತುದಿಯಲ್ಲಿ 6, ಇನ್ನೊಂದು ತುದಿಯಲ್ಲಿ 8 ಮಿ.ಮೀ. ಆಳ ಬರುತ್ತಿದೆ.
– ಓದುಗರು, ಹಾಸನ

ಉತ್ತರ: ಬಿಟ್ಟನ್ನು ಬಿಗಿಹಿಡಿಯುವ ಕಾಲೆಟ್‌ನಿಂದ ಅದು ಜಾರುತ್ತಿರಬಹುದು. ತಕ್ಷಣ ನಿಲ್ಲಿಸಿ, ಪ್ಲಗ್ ಕಿತ್ತು ನೋಡಿ. ಕಾಲು ಇಂಚಿನ, ಎಂದರೆ 6.35 ಮಿ.ಮೀ. ಕಾಲೆಟ್‌ಗೆ 6 ಮಿ.ಮೀ. ಶ್ಯಾಂಕಿನ (ಕಾಲೆಟ್ ಒಳಗೆ ಹೋಗುವ ದಂಟಿನ) ಬಿಟ್ ಹಾಕಿದ್ದರೆ ಎಷ್ಟು ಬಿಗಿದರೂ ನಿಲ್ಲದು, ಸರಿಯಾದ ಕಾಲೆಟ್ ಕೊಳ್ಳಿ. ಅಳತೆ ಸರಿಯಿದ್ದರೆ ಕಾಲೆಟ್ ಒಳಗಿನ ಧೂಳು ಒರೆಸಿ, ಬಿಟ್ಟನ್ನು ತಳದವರೆಗೆ ತಳ್ಳಿ 2 ಮಿ.ಮೀ. ಹಿಂದಕ್ಕೆ ಎಳೆದು ಬಿಗಿಯಿರಿ.