ಸಂಬಳದ ಚೀಟಿಯಲ್ಲಿ ಎರಡು ಅಡ್ಡಗೆರೆ

ತಂಗಿ, ನಿನ್ನ ಪತ್ರ ಓದಿದೆ. ಜರ್ಮನಿಯ ಸ್ಟುಟ್‌ಗಾರ್ಟಿಗೆ ಬಂದು ಇನ್ನೂ ಮೂರು ವಾರ, ವಾರ್ಡಿನ ಕೆಲಸ ಕೈಗೆ ಹತ್ತಿಲ್ಲ, ಅಷ್ಟರಲ್ಲೇ ಎರಡು ಚಿಂತೆ ನಿನ್ನ ನಿದ್ದೆಗೆಡಿಸಿವೆ. ಚರ್ಚಿನ ಸಭಾಪಾಲಕರಾಗಿ ನಿವೃತ್ತರಾದ ನಿಮ್ಮಪ್ಪ ಧಾರವಾಡದಿಂದ ಫೋನ್ ಮಾಡಿದಾಗಲೆಲ್ಲ, ಬೈಬಲಿನಲ್ಲಿ ಪಾಪಕ್ಕೆ ಸುಟ್ಟುಹೋದ ಊರುಗಳ ಹೆಸರೆತ್ತಿ, "ಅದು ಸೊದೋಮ್ ಗೊಮೋರ ಆಗಿಹೋದ ದೇಶ, ಹೆಣ್ಣುಮಗು ಅಲ್ಲಿ ಬೆಳೆಯೋದು ಬೇಡ" ಅಂತಾರೆ. ಇತ್ತ ನಿನ್ನ ಜೊತೆ ಮನೆ ಹಂಚಿಕೊಂಡ ಹುಡುಗಿಯರು, ವಿಳಾಸ ನೋಂದಣಿ ಫಾರ್ಮಿನಲ್ಲಿ ಧರ್ಮದ ಕಾಲಂ ಖಾಲಿ ಬಿಡು, ತಿಂಗಳಾ ರೊಕ್ಕ ಉಳಿಯುತ್ತೆ ಅಂತ ಹೇಳಿಕೊಟ್ಟಿದ್ದಾರೆ. ನೀನು ಇವನ್ನ ಬೇರೆ ಬೇರೆ ಪ್ರಶ್ನೆ ಅಂದುಕೊಂಡು ಬರೆದಿದ್ದೀಯ. ಇಲ್ಲಿ ಹನ್ನೊಂದು ವರ್ಷ ಕಳೆದ ನನಗೆ ಎರಡೂ ಒಂದೇ ಅನ್ನಿಸುತ್ತೆ.

ಅಪ್ಪ ಹೇಳೋದೆಲ್ಲ ಸುಳ್ಳಲ್ಲ. ನಾನು ಬಂದ ವರ್ಷವೇ ಜೊತೆ ಕೆಲಸದವಳೊಬ್ಬಳು ಸೌನಾಗೆ, ಅಂದರೆ ಬಿಸಿ ಹಬೆಯ ಕೋಣೆಗೆ, ಕರ್ಕೊಂಡು ಹೋದಳು. ಬಾಗಿಲು ತೆಗೆದರೆ ಗಂಡಸರು ಹೆಂಗಸರು ಒಟ್ಟಿಗೆ, ಮೈಮೇಲೆ ನೂಲಿಲ್ಲ. ನಾನು ಎರಡು ಟವೆಲ್ ಸುತ್ತಿಕೊಂಡು ಹೊರಗಿನ ಬೆಂಚಿನ ಮೇಲೆ ಚಹಾ ಕುಡೀತಾ ಕೂತೆ, ಗದಗಿನ ನಮ್ಮವ್ವನಿಗೆ ಇವತ್ತಿಗೂ ಹೇಳಿಲ್ಲ. ಆಮೇಲೆ ಗೊತ್ತಾಯಿತು, ಅಲ್ಲಿ ಯಾರೂ ಯಾರನ್ನೂ ನೋಡೋದಿಲ್ಲ. ನಮ್ಮೂರ ಬಸ್ ಸ್ಟ್ಯಾಂಡಿನಲ್ಲಿ ಮೈತುಂಬ ಸೀರೆ ಉಟ್ಟು ನಿಂತಾಗ ಅನುಭವಿಸಿದ ಕಣ್ಣುಗಳು ಅಲ್ಲಿರಲಿಲ್ಲ. ಮದುವೆಯಿಲ್ಲದೆ ಒಟ್ಟಿಗೆ ಬಾಳೋರು ಪಕ್ಕದ ಮನೆಯಲ್ಲೇ ಇರ್ತಾರೆ. 2017ರಿಂದ ಗಂಡು ಗಂಡು, ಹೆಣ್ಣು ಹೆಣ್ಣು ಮದುವೆಯಾಗಬಹುದು. 2024ರ ಏಪ್ರಿಲ್‌ನಿಂದ ದೊಡ್ಡವರು ಒಂದಿಷ್ಟು ಗಾಂಜಾ ಇಟ್ಟುಕೊಳ್ಳಬಹುದು. ಇವೆಲ್ಲ ಅಪ್ಪನಿಗೆ ವಾಟ್ಸಾಪ್‌ನಲ್ಲಿ ತಲುಪಿರ್ತವೆ, ನಾನು ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ಹೊಟ್ಟೆ ಉರಿಯೋದು ಬೇರೆ ಕಡೆ. ಪೇಟೆ ನಡುವೆ ಲಿಯೊನ್‌ಹಾರ್ಡ್ ಚರ್ಚು ಇದೆಯಲ್ಲ, ಅದರ ಬೆನ್ನಿಗೇ ಕೆಂಪು ದೀಪದ ಓಣಿ. 2002ರ ಕಾನೂನು ಆ ದಂಧೆಯನ್ನ ಉಳಿದ ಕೆಲಸಗಳ ಹಾಗೆ ಒಂದು ಕೆಲಸ ಅಂತ ಒಪ್ಪಿಕೊಂಡಿತು. ಹುಡುಗಿಯರಿಗೆ ವಿಮೆ ಸಿಗುತ್ತೆ, ಹಕ್ಕು ಸಿಗುತ್ತೆ ಅಂದರು. ರುಮೇನಿಯಾ, ಬಲ್ಗೇರಿಯಾದ ಬಡ ಹಳ್ಳಿಗಳಿಂದ ಬಂದು ಜರ್ಮನ್ ನಾಲ್ಕು ಮಾತು ಬಾರದೆ ನಿಲ್ಲೋ ಹುಡುಗಿಗೆ ಯಾವ ಹಕ್ಕವ್ವಾ? ಇದನ್ನ ನಾನು ಪಾಪ ಅಂತಲೇ ಕರೀತೀನಿ. ಆದರೆ ಪಾಪ ಯಾರ ಲೆಕ್ಕಕ್ಕೆ ಅನ್ನೋದರಲ್ಲಿ ನಿಮ್ಮಪ್ಪನಿಗೂ ನನಗೂ ಜಗಳ ಆಗಬಹುದು.

ಇನ್ನು ಖಾಲಿ ಗುಡಿಗಳ, ಅಂದರೆ ಚರ್ಚುಗಳ, ಮಾತು. ಇಲ್ಲಿ ಕ್ರೈಸ್ತ ಸಭೆಯ ಸದಸ್ಯನಾದವನ ಆದಾಯ ತೆರಿಗೆಯ ಮೇಲೆ ಇನ್ನೊಂದು ತೆರಿಗೆ ಸರಕಾರವೇ ಹಿಡಿದು ಸಭೆಗೆ ಕೊಡುತ್ತೆ. ಬವೇರಿಯಾದಲ್ಲೂ ನಮ್ಮ ಬಾಡೆನ್-ವ್ಯೂರ್ಟೆಂಬರ್ಗಿನಲ್ಲೂ ಆ ತೆರಿಗೆಯ ನೂರಕ್ಕೆ 8, ಉಳಿದ ರಾಜ್ಯಗಳಲ್ಲಿ 9. ಸಂಬಳದ ಮೇಲಲ್ಲ, ತೆರಿಗೆಯ ಮೇಲೆ, ಅದು ನೆನಪಿರಲಿ. ಬೇಡ ಅನ್ನೋರು ಕಚೇರಿಗೆ ಹೋಗಿ ಸಹಿ ಹಾಕಿ ಹೊರಗೆ ಬರಬಹುದು. 2022ರಲ್ಲಿ ಕ್ಯಾಥೊಲಿಕ್ ಸಭೆಯೊಂದರಿಂದಲೇ 5,22,821 ಮಂದಿ ಹಾಗೆ ಹೊರಬಿದ್ದರು, ಪ್ರಾಟೆಸ್ಟಂಟ್ ಕಡೆಯಿಂದ ಮೂರು ಮುಕ್ಕಾಲು ಲಕ್ಷದ ಮೇಲೆ. ರೊಕ್ಕ ಉಳಿಸೋಕೆ ಹೋದವರು ಇದ್ದಾರೆ. ಪಾದ್ರಿಗಳ ಕೈಯಲ್ಲಿ ಹಾಳಾದ ಮಕ್ಕಳ ಸುದ್ದಿ ಓದಿ ಹೋದವರೂ ಇದ್ದಾರೆ. ಕ್ಯಾಥೊಲಿಕ್ ಬಿಷಪ್ಪರೇ ಮಾಡಿಸಿದ 2018ರ ಅಧ್ಯಯನದಲ್ಲಿ ಅಂಥ ಮಕ್ಕಳ ಲೆಕ್ಕ 3,677. 2024ರಲ್ಲಿ ನಮ್ಮ ಪ್ರಾಟೆಸ್ಟಂಟ್ ಸಭೆಗಳ ವರದಿಯೂ ಬಂತು, ನಮ್ಮವರು ಮೇಲೇನೂ ಅಲ್ಲ. ಆ ಜನ ಬಿಟ್ಟು ಹೋದದ್ದು ದೇವರನ್ನೋ ಕಚೇರಿಯನ್ನೋ, ನಾನು ತೀರ್ಪು ಕೊಡಲಾರೆ.

ಮೊದಲು ಕೆಲಸ ಮಾಡಿದ ವೃದ್ಧಾಶ್ರಮದಲ್ಲಿ ಒಬ್ಬಾಕೆ ಅಜ್ಜಿ ಇದ್ದರು, ಎಂಬತ್ತು ದಾಟಿತ್ತು. ಭಾನುವಾರ ಒಂಬತ್ತೂವರೆಗೆ ಟೀವಿಯಲ್ಲಿ ಆರಾಧನೆ ಬರುತ್ತೆ. ಕೀರ್ತನೆ ಬಂದಾಗ ಸದ್ದು ಏರಿಸ್ತಿದ್ದರು, ಪ್ರಸಂಗ, ಅಂದರೆ ಪಾದ್ರಿಯ ಉಪದೇಶ, ಶುರುವಾದ ಕೂಡಲೇ ರಿಮೋಟ್ ಒತ್ತಿ ಬಾಯಿ ಮುಚ್ಚಿಸ್ತಿದ್ದರು. ಯಾಕೆ ಅಂತ ಕೇಳಿದ್ದಕ್ಕೆ ಬಹಳ ದಿನ ಹೇಳಲಿಲ್ಲ. ಒಂದು ರಾತ್ರಿ ಪಾಳಿಯಲ್ಲಿ ತಾವಾಗೇ ಹೇಳಿದರು. ಅವರಣ್ಣನಿಗೆ ಮೂರ್ಛೆರೋಗ. 1940ರಲ್ಲಿ ಅವನಿದ್ದ ಆಶ್ರಮಕ್ಕೆ ಬೂದು ಬಣ್ಣದ ಬಸ್ಸು ಬಂತು. ಕೆಲವು ವಾರದ ಮೇಲೆ ಮನೆಗೆ ಕಾಗದ ಬಂತು, ಸೋಂಕು ತಗಲಿ ತೀರಿಕೊಂಡ, ಬೂದಿ ಬೇಕಿದ್ದರೆ ಕಳಿಸ್ತೀವಿ ಅಂತ. "ಆ ಭಾನುವಾರ ಗುಡಿಯಲ್ಲಿ ಕೂರೋಕೆ ಜಾಗ ಇರಲಿಲ್ಲ, ಪ್ರಸಂಗದಲ್ಲಿ ನಮ್ಮಣ್ಣನ ಮಾತೂ ಇರಲಿಲ್ಲ" ಅಂದರು. ಅಷ್ಟೇ, ನೀರು ಕೇಳಿದರು, ಮಲಗಿದರು.

ಆ ಬಸ್ಸುಗಳು ಹೋಗ್ತಿದ್ದದ್ದು ಗ್ರಾಫೆನೆಕ್‌ಗೆ. ಇಲ್ಲಿಂದ ಕಾರಿನಲ್ಲಿ ತಾಸಿನ ಮೇಲೆ ಸ್ವಲ್ಪ, ಗುಡ್ಡದ ಮೇಲೆ ಒಂದು ಸಣ್ಣ ಅರಮನೆ. ಮೊದಲು ಪ್ರಾಟೆಸ್ಟಂಟ್ ಸಂಸ್ಥೆಯೊಂದು ಅಲ್ಲಿ ಅಂಗವಿಕಲರನ್ನ ಸಾಕುತ್ತಿತ್ತು. 1939ರಲ್ಲಿ ಹಿಟ್ಲರನ ಸರಕಾರ ಅದನ್ನ ಕಿತ್ತುಕೊಂಡು, ಮುಂದಿನ ಒಂದೇ ವರ್ಷದಲ್ಲಿ 10,654 ಜನರನ್ನ ವಿಷಗಾಳಿ ಬಿಟ್ಟು ಕೊಂದಿತು. ವ್ಯೂರ್ಟೆಂಬರ್ಗಿನ ಬಿಷಪ್ ಥಿಯೊಫಿಲ್ ವುರ್ಮ್ ಆ ವರ್ಷವೇ ಮಂತ್ರಿಗೆ ಕಾಗದ ಬರೆದು ವಿರೋಧಿಸಿದರು, ಅದನ್ನ ಮರೆಯಬಾರದು. ಆದರೆ ಆಗ ಈ ದೇಶದಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಜನ ಸಭೆಗಳ ಪಟ್ಟಿಯಲ್ಲಿದ್ದರು ತಂಗಿ. ಬಸ್ಸು ಓಡಿಸಿದವನೂ, ಸುಳ್ಳು ಕಾಗದ ಟೈಪ್ ಮಾಡಿದವಳೂ ದೀಕ್ಷಾಸ್ನಾನ ಪಡೆದವರೇ ಇದ್ದಿರಬೇಕು. 1945ರ ಅಕ್ಟೋಬರಿನಲ್ಲಿ ಸಭೆಯ ಹಿರಿಯರು ಇದೇ ಸ್ಟುಟ್‌ಗಾರ್ಟಿನಲ್ಲಿ ಕೂತು, ನಾವು ಇನ್ನಷ್ಟು ಧೈರ್ಯದಿಂದ ಸಾಕ್ಷಿ ಹೇಳಲಿಲ್ಲ, ಇನ್ನಷ್ಟು ಪ್ರೀತಿಸಲಿಲ್ಲ ಅಂತ ತಪ್ಪೊಪ್ಪಿಗೆ ಬರೆದರು. ಈಗ ಗುಡಿ ಖಾಲಿಯಾಗಿದ್ದಕ್ಕೇ ದೇಶ ಕೆಟ್ಟಿತು ಅಂತ ಯಾರಾದರೂ ಅಂದರೆ ನನಗೆ ಆ ರಿಮೋಟ್ ನೆನಪಾಗುತ್ತೆ.

ಹಾಗಂತ ಈಗ ಎಲ್ಲ ನೆಟ್ಟಗಿದೆ ಅಂತಲೂ ಅಲ್ಲ. 2020ರ ಫೆಬ್ರವರಿಯಲ್ಲಿ ಇಲ್ಲಿನ ಸಂವಿಧಾನ ನ್ಯಾಯಾಲಯ, ಸಾಯಬೇಕು ಅನ್ನೋನಿಗೆ ನೆರವು ಪಡೆಯೋ ಹಕ್ಕಿದೆ ಅಂತ ತೀರ್ಪು ಕೊಟ್ಟಿತು. ನೋವಿನಲ್ಲಿ ಒದ್ದಾಡೋರನ್ನ ನೋಡಿದ ನರ್ಸ್ ನಾನು, ಕಲ್ಲು ಎಸೆಯೋಳಲ್ಲ. ಆದರೆ ಆ ಮಾತು ಎತ್ತಿದ ಮುದುಕರ ಪಕ್ಕ ಕೂತು ಕೇಳಿದರೆ, ನೋವಿಗಿಂತ ಮೊದಲು ಬರೋ ಮಾತು "ಯಾರಿಗೂ ಭಾರ ಆಗಬಾರದು" ಅನ್ನೋದು. ಗ್ರಾಫೆನೆಕ್ ಇರೋ ನಾಡಿನಲ್ಲಿ ಮುದುಕರು ತಮ್ಮನ್ನ ತಾವೇ ಹೀಗೆ ತೂಗಿಕೊಳ್ಳೋದು ಕೇಳಿದಾಗ ಮೈ ಜುಮ್ಮೆನ್ನುತ್ತೆ. ಕ್ರಿಸ್‌ಮಸ್ ಹೊತ್ತಿಗೆ ಮಗನ ಕಾರ್ಡ್ ಬರುತ್ತೆ, ಮಗ ಬರೋದಿಲ್ಲ. ನಾನು ಅಧಃಪತನ ಅನ್ನೋದು ಇದಕ್ಕೆ. ನಮ್ಮವ್ವ ಗದಗಿನಲ್ಲಿ ಒಬ್ಬಳೇ ಇದ್ದಾಳೆ, ನಾನು ಇಲ್ಲಿಂದ ವಿಡಿಯೋ ಕಾಲ್ ಮಾಡ್ತೀನಿ. ಅದನ್ನೂ ಹೇಳಿಬಿಡ್ತೀನಿ.

ಅಪ್ಪನಿಗೆ ಸತ್ಯವೇದದ ಯೆಹೆಜ್ಕೇಲನ ಗ್ರಂಥದ 16ನೇ ಅಧ್ಯಾಯ 49ನೇ ವಚನ ತೆಗೆದು ಓದು. ಸೊದೋಮಿನ ದೋಷ ಅಂತ ಪ್ರವಾದಿ ಅಲ್ಲಿ ಎಣಿಸೋದು ಗರ್ವ, ಹೊಟ್ಟೆ ತುಂಬಿದ ನೆಮ್ಮದಿ, ದಿಕ್ಕಿಲ್ಲದವರ ಕೈ ಹಿಡಿಯದೇ ಇದ್ದದ್ದು. (ಮುಂದಿನ ವಚನದಲ್ಲಿ "ಅಸಹ್ಯ"ದ ಮಾತೂ ಇದೆ ಅಂತ ಅಪ್ಪ ಹಿಡೀತಾರೆ, ಇದೆ.) ಇನ್ನೊಂದು ನಗುವ ವಿಷಯ. 1843ರಲ್ಲಿ ಮಂಗಳೂರ ಸಮಾಚಾರ ಪತ್ರಿಕೆ ಹೊರಡಿಸಿದ ಮಿಷನರಿ ಮೊಗ್ಲಿಂಗ್ ಇದೇ ಸೀಮೆಯ ಬ್ರಾಕೆನ್‌ಹೈಮಿನವರು. ಆ ಕಾಲದ ಮಿಷನರಿಗಳು ನಮ್ಮ ಜಾತ್ರೆ, ನಮ್ಮ ಹೆಂಡ ನೋಡಿ ಮರುಗಿ ಊರಿಗೆ ಕಾಗದ ಬರೀತಿದ್ದರು. ಈಗ ಅವರ ಊರಿಂದ ನಾವು ಧಾರವಾಡಕ್ಕೆ ಬರೀತಿದ್ದೀವಿ.

ಈಗ ಆ ಫಾರ್ಮು. ನಾನು 2014ರಲ್ಲಿ ಬಂದಾಗ ನನಗೂ ಯಾರೋ ಅದೇ ಬುದ್ಧಿ ಹೇಳಿದರು. ಗುಮಾಸ್ತೆ "ಧರ್ಮ?" ಅಂದಳು, ನಾನು "ಇಲ್ಲ" ಅಂದೆ. ನಮ್ಮಜ್ಜನ ಕಾಲದಿಂದ ಬಾಸೆಲ್ ಮಿಷನ್ ಸಭೆ ನಮ್ಮದು, ಆ "ಇಲ್ಲ" ಹೇಳೋಕೆ ಅರೆಕ್ಷಣ ಹಿಡಿಯಲಿಲ್ಲ. ಸಂಬಳದ ಚೀಟಿಯಲ್ಲಿ ಉಳಿದವರಿಗೆ ಸಭೆಯ ಗುರುತು ಇರುವ ಜಾಗದಲ್ಲಿ ನನಗೆ ಎರಡು ಸಣ್ಣ ಅಡ್ಡಗೆರೆ. ತಿಂಗಳಿಗೆ ಇಪ್ಪತ್ತು ಯೂರೋ ಚಿಲ್ಲರೆ ಉಳೀತು. ಮೂರು ವರ್ಷದ ಮೇಲೆ ಜೊತೆ ಕೆಲಸದವಳು ತನ್ನ ಮಗುವಿನ ದೀಕ್ಷಾಸ್ನಾನಕ್ಕೆ ಜ್ಞಾನತಾಯಿ, ಅಂದರೆ ಗಾಡ್‌ಮದರ್, ಆಗು ಅಂದಳು. ಸಭೆಯ ಕಚೇರಿಯ ಹೆಂಗಸು ಕಂಪ್ಯೂಟರ್ ನೋಡಿ, ಕನ್ನಡಕ ಸರಿಮಾಡಿಕೊಂಡು ಮತ್ತೆ ನೋಡಿ, "ನೀವು ಸದಸ್ಯರಲ್ಲವಲ್ಲ" ಅಂದಳು. ಭಾನುವಾರ ತಪ್ಪದೆ ಎರಡನೇ ಬೆಂಚಿನಲ್ಲಿ ಕೂರೋಳು ನಾನು. ಕಚೇರಿಯ ಆ ಹೆಂಗಸು ಬೈಯಲಿಲ್ಲ, ಸೇರೋ ಅರ್ಜಿ ಕೊಟ್ಟಳು. ಈಗ ತೆರಿಗೆ ಹೋಗುತ್ತೆ. ನೀನು ಏನು ಬರೀತೀಯೋ ಬರಿ. ರೊಕ್ಕಕ್ಕಾಗಿ ಸುಳ್ಳು ಹೇಳಿದವಳು ಅಂತ ನನ್ನನ್ನ ಒಂದು ಕಡೆ ಬರೆದಿಟ್ಟುಕೋ.

ಮಗಳನ್ನ ಕರೆಸು. ಇಲ್ಲಿ ಸರಕಾರಿ ಶಾಲೆಯಲ್ಲೇ ಸತ್ಯವೇದದ ಪಾಠ ಇರುತ್ತೆ. ಬೇಸಿಗೆಯಲ್ಲಿ ಊರಾಚೆ ಹೊಲದಲ್ಲಿ ಹೂ ತಾವೇ ಕೊಯ್ದುಕೊಂಡು ತಗಡಿನ ಡಬ್ಬಿಗೆ ರೊಕ್ಕ ಹಾಕಿ ಬರ್ತಾರೆ, ಕಾಯೋಕೆ ನರಪಿಳ್ಳೆ ಇರಲ್ಲ. ಒಮ್ಮೆ ಅವಳ ಕೈಯಲ್ಲೇ ನಾಣ್ಯ ಹಾಕಿಸು. ಚಳಿಗಾಲದಲ್ಲಿ ಕೆಲವು ವಾರ ಅದೇ ಲಿಯೊನ್‌ಹಾರ್ಡ್ ಚರ್ಚಿನ ಒಳಗೆ ಮೇಜು ಹಾಕಿ ಬಡವರಿಗೆ ಬಿಸಿಯೂಟ ಬಡಿಸ್ತಾರೆ, 1995ರಿಂದ ನಡೆದಿದೆ. ಮನೆಯಿಲ್ಲದವರು, ಹಿಂದಿನ ಓಣಿಯ ಹುಡುಗಿಯರು, ಪಿಂಚಣಿ ಸಾಲದ ಮುದುಕರು ಎಲ್ಲ ಒಂದೇ ಮೇಜಿಗೆ ಕೂರ್ತಾರೆ. ಬಡಿಸೋಕೆ ಕೈ ಯಾವಾಗಲೂ ಕಡಿಮೆ, ರಜೆಯಿದ್ದ ದಿನ ನನ್ನ ಜೊತೆ ಬಾ. ಊಟ ಸಪ್ಪೆ ಇರುತ್ತೆ. ಧಾರವಾಡದಿಂದ ಶೇಂಗಾ ಚಟ್ನಿಪುಡಿ ತಂದಿದ್ದರೆ ಒಂದು ಡಬ್ಬಿ ಇಟ್ಟುಕೊಂಡು ಬಾ.